ನಿಮ್ಮ ಪ್ರಶ್ನೆ: ಯಕೃತ್ತಿಗೊಂದು ಓದು, ಕಣ್ಣಿಗೊಂದು ಓದು

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ ‘ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ’ ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಓದುಗರು ಮುಂದಕ್ಕೆ ಹೋಗಲು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಪೂರ್ತಿ ಅವಕ್ಕೇ ಕೊಟ್ಟಿದ್ದೇನೆ. ಪ್ರಯೋಗಾಲಯದಲ್ಲಿ ನಾನು ಕಳೆದ ವರ್ಷಗಳೆಲ್ಲ ಇದೇ ವಿಷಯದ ಬೆನ್ನು ಹತ್ತಿ ಸವೆದವು. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. ಯಕೃತ್ತಿನ ಕೋಶದಲ್ಲೂ ಕಣ್ಣಿನ ಕೋಶದಲ್ಲೂ ಒಂದೇ ಡಿಎನ್‌ಎ ಇದ್ದರೆ, ಯಕೃತ್ತು ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ಕಣ್ಣಿನಲ್ಲಿ ಏಕೆ ತಯಾರಾಗುವುದಿಲ್ಲ? ‘ಜೀನ್‌ಗಳಿಗೆ ಸ್ವಿಚ್ ಇರುತ್ತದೆ, ಬೇಕಾದಾಗ ಆನ್ ಆಗುತ್ತವೆ’ ಎಂದು ಪುಸ್ತಕದಲ್ಲಿದೆ. ಮೇಡಂ, ಆ ಸ್ವಿಚ್ಚನ್ನು ಒತ್ತುವವರು ಯಾರು?

ಉತ್ತರ: ಮೊದಲು ಒಂದು ಅನುಮಾನ ತೀರಿಸಿಕೊಳ್ಳೋಣ. ಕಣ್ಣಿನ ಕೋಶ ತನಗೆ ಬೇಡದ ಜೀನ್‌ಗಳನ್ನು ಕಳೆದುಕೊಂಡಿರಬಹುದಲ್ಲ? ಹಿಂದೆ ದೊಡ್ಡ ವಿಜ್ಞಾನಿಗಳೂ ಹಾಗೆ ಯೋಚಿಸಿದ್ದುಂಟು. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರವನ್ನು ತೆಗೆದು, ತನ್ನ ಕೋಶಕೇಂದ್ರ ನಾಶವಾಗಿದ್ದ ಕಪ್ಪೆಯ ಮೊಟ್ಟೆಯೊಳಗೆ ಇಟ್ಟರು. ಹೆಚ್ಚಿನ ಮೊಟ್ಟೆಗಳು ಬೆಳೆಯಲಿಲ್ಲ. ಕೆಲವು ಮಾತ್ರ ಬೆಳೆದು ಕಣ್ಣು, ಬಾಲ, ಹೃದಯ ಎಲ್ಲ ಇರುವ ಗೊದಮೊಟ್ಟೆಗಳೇ ಆದವು. ಅಂದರೆ ಕರುಳಿನ ಕೋಶ ಕಣ್ಣನ್ನು ರೂಪಿಸುವ ಜೀನ್‌ಗಳನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. ಅವನ್ನು ಓದುತ್ತಿರಲಿಲ್ಲ, ಅಷ್ಟೆ.

ಓದಿಸುವವು ಪ್ರೋಟೀನ್‌ಗಳು. ಮನುಷ್ಯನಲ್ಲಿ ಪ್ರೋಟೀನ್ ತಯಾರಿಗೆ ಸೂಚನೆ ಕೊಡುವ ಜೀನ್‌ಗಳು ಸುಮಾರು 20,000. ಇವುಗಳಲ್ಲಿ ಸುಮಾರು 1,600 ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳ ಕೆಲಸವೇ ಡಿಎನ್‌ಎ ಮೇಲಿನ ನಿರ್ದಿಷ್ಟ ಅಕ್ಷರಗಳ (ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳ) ಸಾಲನ್ನು ಗುರುತಿಸಿ ಅಲ್ಲಿ ಕೂರುವುದು. ಇವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಕೂತ ಮೇಲೆ ಇವು ಬೇರೆ ಪ್ರೋಟೀನ್‌ಗಳನ್ನು ಹತ್ತಿರ ಕರೆಯುತ್ತವೆ; ಕೊನೆಗೆ ಜೀನನ್ನು, ಪ್ರೋಟೀನ್ ತಯಾರಿಗೆ ಬಳಕೆಯಾಗುವ ಆರ್‌ಎನ್‌ಎ ಎಂಬ ಪ್ರತಿಗೆ ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವ ಬಂದು ಕೆಲಸ ಶುರುಮಾಡುತ್ತದೆ. ಕೆಲವು ಪ್ರೋಟೀನ್‌ಗಳು ಇದಕ್ಕೆ ತದ್ವಿರುದ್ಧ: ಕೂತು ದಾರಿ ಕಟ್ಟುತ್ತವೆ. ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಬ್ಯಾಕ್ಟೀರಿಯಾದಲ್ಲಿ ಹೀಗೆ ದಾರಿ ಕಟ್ಟುವ ವಸ್ತುವೊಂದು ಇರಲೇಬೇಕೆಂದು ಪ್ರಯೋಗಗಳಿಂದ ತರ್ಕಿಸಿದರು. ಅದು ಪ್ರೋಟೀನ್ ಎಂದು ಕೈಗೆ ಸಿಕ್ಕಿದ್ದು ಐದು ವರ್ಷಗಳ ನಂತರ.

ಈಗ ನಿಮ್ಮ ಪುಸ್ತಕದ ಸ್ವಿಚ್ಚಿನ ಮಾತು. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ, ಒಪ್ಪದಿರಲು ನನ್ನದೇ ಕಾರಣವಿದೆ. ಸಂಶೋಧನೆಗೆ ಸೇರಿದ ಹೊಸತರಲ್ಲಿ ನಾನೂ ಸ್ವಿಚ್ಚನ್ನೇ ಹುಡುಕಲು ಹೊರಟಿದ್ದೆ. ನಾಲ್ಕು ಡಿಗ್ರಿಯ ಶೀತಲ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತು ಇಲಿಯ ಯಕೃತ್ತನ್ನು ಸುಕ್ರೋಸ್ ದ್ರಾವಣದಲ್ಲಿ ಅರೆದು, ಕೋಶಕೇಂದ್ರಗಳನ್ನು ಬೇರ್ಪಡಿಸಿ, ಉಪ್ಪಿನ ದ್ರಾವಣದಿಂದ ಅವುಗಳ ಪ್ರೋಟೀನ್ ತೆಗೆಯುತ್ತಿದ್ದೆ. ಇನ್ನೊಂದು ಕಡೆ ಆಲ್ಬುಮಿನ್ ಜೀನ್ ಆರಂಭವಾಗುವ ಜಾಗದ ಪಕ್ಕದ ಮೂವತ್ತು ಅಕ್ಷರಗಳ ಡಿಎನ್‌ಎ ತುಣುಕಿಗೆ ವಿಕಿರಣಶೀಲ ರಂಜಕವನ್ನು ಅಂಟಿಸುವುದು. ಎರಡನ್ನೂ ಬೆರೆಸಿ ಜೆಲ್‌ನಲ್ಲಿ ಓಡಿಸಿದರೆ ಬರಿಯ ಡಿಎನ್‌ಎ ವೇಗವಾಗಿ ಕೆಳಗಿಳಿಯುತ್ತದೆ. ಪ್ರೋಟೀನನ್ನು ಹೊತ್ತ ಡಿಎನ್‌ಎ ಹಿಂದೆ ಉಳಿಯುತ್ತದೆ. ಜೆಲ್ ಮೇಲೆ ಎಕ್ಸ್-ರೇ ಫಿಲ್ಮ್ ಇಟ್ಟು ರಾತ್ರಿಯಿಡೀ ಮೈನಸ್ ಎಪ್ಪತ್ತರ ಫ್ರೀಜರಿನಲ್ಲಿಟ್ಟರೆ ಬೆಳಿಗ್ಗೆ ಕಪ್ಪು ಪಟ್ಟಿ ಕಾಣುತ್ತದೆ. ಆ ಫಿಲ್ಮನ್ನು ಕತ್ತಲೆ ಕೋಣೆಯ ಕೆಂಪು ದೀಪದಡಿ ತೊಳೆಯುವಾಗಿನ ಎದೆಬಡಿತ ನನಗೆ ಇಂದಿಗೂ ನೆನಪಿದೆ.

ಪಟ್ಟಿ ಬಂದಿತ್ತು. ಯಕೃತ್ತಿನ ಪ್ರೋಟೀನ್ ಹಾಕಿದ ಕಡೆ ಬಂದಿತ್ತು, ಗುಲ್ಮದ್ದರಲ್ಲೂ ಬಂದಿತ್ತು, ಮಿದುಳಿನದ್ದರಲ್ಲೂ ಬಂದಿತ್ತು. ಅಲ್ಲಿ ಕೂರುತ್ತಿದ್ದುದು ಎನ್‌ಎಫ್-ವೈ ಎಂಬ, ಬಹುಪಾಲು ಕೋಶಗಳಲ್ಲೂ ಇರುವ ಪ್ರೋಟೀನ್. ನಿರಾಸೆಯಿಂದ ಪಕ್ಕದ ಇನ್ನೊಂದು ತುಣುಕನ್ನು ಹಿಡಿದೆ. ಈ ಬಾರಿ ಮಿದುಳಿನಲ್ಲಿ ಪಟ್ಟಿಯಿಲ್ಲ, ಗುಲ್ಮದಲ್ಲಿಲ್ಲ, ಯಕೃತ್ತಿನಲ್ಲಿ ದಟ್ಟವಾಗಿದೆ. ಸಿಕ್ಕಿತು ಎಂದುಕೊಂಡೆ. ಮರುವಾರ ಮೂತ್ರಪಿಂಡದ ಪ್ರೋಟೀನ್ ಹಾಕಿ ನೋಡಿದರೆ ಅಲ್ಲೂ ಅದೇ ಪಟ್ಟಿ. ಆ ಪ್ರೋಟೀನ್ ಎಚ್‌ಎನ್‌ಎಫ್-1. ಯಕೃತ್ತಿನಲ್ಲೂ ಇದೆ, ಮೂತ್ರಪಿಂಡದಲ್ಲೂ ಇದೆ, ಕರುಳಿನಲ್ಲೂ ಇದೆ. ಆದರೆ ರಕ್ತಕ್ಕೆ ಆಲ್ಬುಮಿನ್ ಒದಗಿಸುವುದು ಯಕೃತ್ತು ಮಾತ್ರ.

ಆಲ್ಬುಮಿನ್ ಜೀನ್ ಮುಂದಿನ ಇನ್ನೂರಕ್ಕೂ ಕಡಿಮೆ ಅಕ್ಷರಗಳಲ್ಲಿ ಪ್ರೋಟೀನ್‌ಗಳು ಕೂರುವ ಇಂಥ ಅರ್ಧ ಡಜನ್ ವಿಳಾಸಗಳಿವೆ. ಸಾಲದ್ದಕ್ಕೆ ಸಣ್ಣ ಇಲಿಯಲ್ಲಿ ಸುಮಾರು ಹತ್ತು ಸಾವಿರ ಅಕ್ಷರಗಳಷ್ಟು ದೂರದಲ್ಲಿ ಎನ್‌ಹ್ಯಾನ್ಸರ್ ಎಂಬ, ಜೀನ್ ಓದನ್ನು ಹೆಚ್ಚಿಸುವ ಇನ್ನೊಂದು ತಾಣವಿದೆ. ನಡುವಿನ ಡಿಎನ್‌ಎ ಮಡಚಿಕೊಂಡು ಅದು ಜೀನ್ ಬಾಗಿಲಿಗೆ ಬರುತ್ತದೆ. ಈ ವಿಳಾಸಗಳಿಗೆ ಬರುವ ಪ್ರೋಟೀನ್‌ಗಳಲ್ಲಿ ಒಂದೂ ಯಕೃತ್ತಿಗೇ ಸೇರಿದ್ದಲ್ಲ. ಅವೆಲ್ಲ ಸಾಕಷ್ಟು ಪ್ರಮಾಣದಲ್ಲಿ ಒಟ್ಟಿಗೆ ಸಿಗುವುದು ಮಾತ್ರ ಯಕೃತ್ತಿನಲ್ಲಿ. ಸಭೆಗೆ ಕೋರಂ ಭರ್ತಿಯಾಗಬೇಕು ಎನ್ನುತ್ತೇವಲ್ಲ, ಹಾಗೆ. ಬಂದ ಸದಸ್ಯರಲ್ಲಿ ಯಾರು ಸಭೆಯನ್ನು ನಡೆಸಿದರು ಎಂದು ಕೇಳಿದರೆ ಒಬ್ಬರ ಹೆಸರು ಹೇಳಲಾಗದು. ಕಣ್ಣಿನಲ್ಲಿ ಆ ಕೋರಂ ಕೂಡುವುದಿಲ್ಲ, ಆಲ್ಬುಮಿನ್ ತಯಾರಾಗುವುದಿಲ್ಲ.

ಪ್ರಶ್ನೆ: ಮೂವತ್ತು ವರ್ಷ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾದವನು ನಾನು. ಪ್ರೋಟೀನ್ ಗುರುತಿಸುವ ವಿಳಾಸ ಆರೇಳು ಅಕ್ಷರಗಳದ್ದು ಎಂದು ಓದಿದೆ. ಇರುವುದೇ ನಾಲ್ಕು ಅಕ್ಷರ. ಅಷ್ಟು ಚಿಕ್ಕ ಪದ ಲಕ್ಷಾಂತರ ಕಡೆ ಬಂದೇ ಬರುತ್ತದೆ. ಹಾಗಿದ್ದೂ ಪ್ರೋಟೀನ್ ತಪ್ಪು ಮನೆಗೆ ಹೋಗದಂತೆ ಹೇಗೆ ತಡೆಯುತ್ತಾರೆ?

ಉತ್ತರ: ನಿಮ್ಮ ಲೆಕ್ಕ ಸರಿ. ನಾಲ್ಕು ಅಕ್ಷರಗಳಿಂದ ಆರಕ್ಷರದ ಪದಗಳನ್ನು ಕಟ್ಟಿದರೆ 4,096 ಆಗುತ್ತವೆ. ಮನುಷ್ಯನ ಡಿಎನ್‌ಎಯ ಒಂದು ಪ್ರತಿಯಲ್ಲಿ ಸುಮಾರು 320 ಕೋಟಿ ಅಕ್ಷರಗಳಿವೆ. ಭಾಗಿಸಿದರೆ ಒಂದೊಂದು ಪದವೂ ಆಕಸ್ಮಿಕವಾಗಿಯೇ ಸುಮಾರು ಎಂಟು ಲಕ್ಷ ಕಡೆ ಬರಬೇಕು; ಎದುರು ಎಳೆಯನ್ನೂ ಓದಿದರೆ ಇನ್ನೂ ಹೆಚ್ಚು. ಆದರೆ ಕೋಶದಲ್ಲಿ ಪ್ರೋಟೀನ್ ನಿಜವಾಗಿ ಕೂತಿರುವ ಜಾಗಗಳನ್ನು ಎಣಿಸಿದರೆ ಸಾಮಾನ್ಯವಾಗಿ ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರಗಳಷ್ಟು ಸಿಗುತ್ತವೆ. ಉಳಿದ ಲಕ್ಷಾಂತರ ವಿಳಾಸಗಳಿಗೆ ಏಕೆ ಹೋಗುವುದಿಲ್ಲ ಎಂಬುದೇ ನನ್ನ ಕ್ಷೇತ್ರದ ಅತಿ ಸುಂದರ ಪ್ರಶ್ನೆ ಎಂದು ನಾನು ನಂಬಿದ್ದೇನೆ.

ಓದುವ ಬಗೆಯನ್ನು ಮೊದಲು ಹೇಳುತ್ತೇನೆ. ಡಿಎನ್‌ಎ ಎರಡು ಎಳೆಗಳ ಹುರಿ. ಸುಮಾರು ಹತ್ತೂವರೆ ಅಕ್ಷರಕ್ಕೆ ಒಂದು ಸುತ್ತು. ಹುರಿಯ ಮೈಮೇಲೆ ಒಂದು ಅಗಲವಾದ ತೋಡು, ಒಂದು ಕಿರಿದಾದ ತೋಡು ಉದ್ದಕ್ಕೂ ಸಾಗುತ್ತವೆ. ಪ್ರೋಟೀನ್ ಹುರಿಯನ್ನು ಬಿಚ್ಚುವುದಿಲ್ಲ. ತನ್ನ ಮೈಯ ಒಂದು ಸುರುಳಿಯನ್ನು ಅಗಲ ತೋಡಿನೊಳಕ್ಕೆ ಇಳಿಸಿ, ಅಲ್ಲಿ ಇಣುಕುತ್ತಿರುವ ಅಕ್ಷರಗಳ ಅಂಚನ್ನು ಮುಟ್ಟಿ ನೋಡುತ್ತದೆ. ಪ್ರತಿ ಅಕ್ಷರಜೋಡಿಯ ಅಂಚಿನಲ್ಲಿ ಹೈಡ್ರೋಜನ್ ಬಂಧಕ್ಕೆ ಒದಗುವ ಪರಮಾಣುಗಳ ವಿನ್ಯಾಸ ಬೇರೆಬೇರೆ. ಬ್ರೈಲ್ ಓದುವವರ ಬೆರಳನ್ನು ನೆನಪಿಸಿಕೊಳ್ಳಿ.

ಆದರೆ ಬೆರಳು ಮುಟ್ಟಬೇಕಾದರೆ ಪುಟ ತೆರೆದಿರಬೇಕು. ಒಂದು ಕೋಶದ ಡಿಎನ್‌ಎಯನ್ನು ನೇರಮಾಡಿ ಹಿಡಿದರೆ ಸುಮಾರು ಎರಡು ಮೀಟರ್. ಅದು ಇರುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದಾದ ಕೋಶಕೇಂದ್ರದಲ್ಲಿ. ಹಿಸ್ಟೋನ್ ಎಂಬ ಎಂಟು ಪ್ರೋಟೀನ್‌ಗಳ ಗುಂಡಿಗೆ 147 ಅಕ್ಷರಗಳಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ, ಸ್ವಲ್ಪ ಬಿಟ್ಟು ಇನ್ನೊಂದು ಗುಂಡಿ, ಮತ್ತೊಂದು. ಸುತ್ತಿನೊಳಗೆ ಸಿಕ್ಕಿಕೊಂಡ ವಿಳಾಸ ಹೆಚ್ಚಿನ ಪ್ರೋಟೀನ್‌ಗಳಿಗೆ ಎಟುಕುವುದಿಲ್ಲ. ಯಾವ ಪುಟ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆ. ಇದನ್ನು ತೋರಿಸಿಕೊಟ್ಟ ಪ್ರಯೋಗ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಮಾರ್ಕ್ ಗ್ರೌಡಿನ್ ಅವರದು, 1976ರದ್ದು. ಕೋಳಿಯ ಭ್ರೂಣದ ಕೆಂಪು ರಕ್ತಕೋಶಗಳ ಕೋಶಕೇಂದ್ರಗಳಿಗೆ ಡಿಎನ್‌ಎ ಕತ್ತರಿಸುವ ಕಿಣ್ವವೊಂದನ್ನು ಅವರು ಅಳತೆ ಮಾಡಿ ಹಾಕಿದರು. ಹಿಮೋಗ್ಲೋಬಿನ್‌ಗೆ ಬೇಕಾದ ಗ್ಲೋಬಿನ್ ಜೀನ್ ಬೇಗ ತುಂಡಾಯಿತು. ಬೇರೆ ಅಂಗಾಂಶದ ಕೋಶಕೇಂದ್ರಗಳಲ್ಲಿ ಅದೇ ಜೀನ್ ಉಳಿದುಕೊಂಡಿತು. ಅಂದರೆ ರಕ್ತಕೋಶದಲ್ಲಿ ಆ ಪುಟ ತೆರೆದಿತ್ತು. ಉಪಕರಣದಲ್ಲಿ ಅಷ್ಟು ಸರಳ, ಯೋಚನೆಯಲ್ಲಿ ಅಷ್ಟು ಆಳವಾದ ಪ್ರಯೋಗಗಳು ಅಪರೂಪ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನು ಶುರುಮಾಡುತ್ತಿದ್ದುದೇ ಅಲ್ಲಿಂದ.

ಹಾಗಾದರೆ ಮುಚ್ಚಿದ ಪುಟವನ್ನು ಮೊದಲು ತೆರೆಯುವುದು ಯಾವುದು? ಕೆಲವೇ ಕೆಲವು ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ ಮೇಲೂ ತಮ್ಮ ವಿಳಾಸವನ್ನು ಗುರುತಿಸುವ ಶಕ್ತಿಯಿದೆ. ಯಕೃತ್ತಿನಲ್ಲಿ ಫಾಕ್ಸ್-ಎ ಎಂಬುದು ಅಂಥದ್ದು. ಭ್ರೂಣದಲ್ಲಿ ಯಕೃತ್ತು ಎಂಬ ಅಂಗ ಇನ್ನೂ ಮೂಡಿಲ್ಲದ ಹೊತ್ತಿನಲ್ಲೇ, ಅದು ಹುಟ್ಟಬೇಕಾದ ಕೋಶಗಳಲ್ಲಿ, ಫಾಕ್ಸ್-ಎ ಹೋಗಿ ಆಲ್ಬುಮಿನ್‌ನ ಎನ್‌ಹ್ಯಾನ್ಸರ್ ಮೇಲೆ ಕೂತಿರುತ್ತದೆ. ಜೀನ್ ಓದು ಇನ್ನೂ ಶುರುವಾಗಿರುವುದಿಲ್ಲ. ಮುಂದೆ ಬರುವವರಿಗೆ ಜಾಗ ಬಿಡಿಸಿಡುವ ಕೆಲಸ ಮಾತ್ರ ಆಗಿರುತ್ತದೆ.

ಇನ್ನೂ ಒಂದು ಮಾತು, ಕರಡು ತಿದ್ದುವವರಿಗೆ ಇದು ಇಷ್ಟವಾದೀತು. ಪ್ರೋಟೀನ್ ತಪ್ಪು ಮನೆಗೆ ಹೋಗುವುದೇ ಇಲ್ಲ ಎಂದೇನಿಲ್ಲ. ಜೀವಂತ ಕೋಶದಲ್ಲಿ ಒಂಟಿ ಅಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದವರು ಕಂಡಂತೆ ಅವು ಸದಾ ಅಲೆಯುತ್ತ, ಅಲ್ಲಲ್ಲಿ ಕ್ಷಣಮಾತ್ರ ತಾಗಿ ಬಿಡುತ್ತ ಇರುತ್ತವೆ. ಸರಿಯಾದ ಜಾಗದಲ್ಲಿ ಕೂತರೂ ಬಹುಪಾಲು ಪ್ರೋಟೀನ್‌ಗಳು ಸೆಕೆಂಡುಗಳಲ್ಲಿ ಎದ್ದು ಹೋಗುತ್ತವೆ, ಇನ್ನೊಂದು ಬಂದು ಕೂರುತ್ತದೆ. ಪಕ್ಕದಲ್ಲಿ ಜೊತೆಗಾರರಿದ್ದರೆ ಒಂದನ್ನೊಂದು ಹಿಡಿದುಕೊಂಡು ಹೆಚ್ಚು ಹೊತ್ತು ನಿಲ್ಲುತ್ತವೆ. ಒಂಟಿ ವಿಳಾಸದಲ್ಲಿ ತಾಗಿ ಹೋದದ್ದರಿಂದ ಏನೂ ಆಗುವುದಿಲ್ಲ. ಹಳಗನ್ನಡದ ಶಾಸನದಲ್ಲಿ ಪದಗಳ ನಡುವೆ ತೆರಪಿಲ್ಲದಿದ್ದರೂ ಅಕ್ಕಪಕ್ಕದ ಪದಗಳನ್ನು ನೋಡಿ ಎಲ್ಲಿ ಬಿಡಿಸಬೇಕೆಂದು ನಿರ್ಧರಿಸುತ್ತೇವಲ್ಲವೆ? ಅಕ್ಕಪಕ್ಕವೇ ಇಲ್ಲೂ ಅರ್ಥವನ್ನು ತೀರ್ಮಾನಿಸುತ್ತದೆ.

ಪ್ರಶ್ನೆ: ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವೇ ಇಲ್ಲ ಎಂದು ಓದಿದ್ದೇನೆ. ಅವಕ್ಕೂ ಅದೇ ಡಿಎನ್‌ಎ ಎಂಬ ಮಾತು ಹೇಗೆ ಹೊಂದುತ್ತದೆ?

ಉತ್ತರ: ಹೊಂದುವುದಿಲ್ಲ, ‘ಹೆಚ್ಚುಕಡಿಮೆ’ ಎಂದು ಬರೆದದ್ದು ಅದಕ್ಕೇ. ಸಸ್ತನಿಗಳ ಕೆಂಪು ರಕ್ತಕಣ ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಕೋಶಕೇಂದ್ರ ಇರುತ್ತದೆ, ಗ್ಲೋಬಿನ್ ಜೀನ್ ಬಿರುಸಾಗಿ ನಕಲಾಗುತ್ತಿರುತ್ತದೆ. ಆಮೇಲೆ ಕಣ ಕೋಶಕೇಂದ್ರವನ್ನು ಹೊರಕ್ಕೆ ದಬ್ಬುತ್ತದೆ, ಕೂಡಿಟ್ಟ ಆರ್‌ಎನ್‌ಎಯಿಂದ ಇನ್ನೊಂದೆರಡು ದಿನ ಹಿಮೋಗ್ಲೋಬಿನ್ ತಯಾರಿಸಿ, ಸುಮಾರು 120 ದಿನ ಬದುಕುತ್ತದೆ. ಹಕ್ಕಿಗಳ ಕೆಂಪು ರಕ್ತಕಣಗಳು ಕೋಶಕೇಂದ್ರವನ್ನು ಉಳಿಸಿಕೊಳ್ಳುತ್ತವೆ. ಮೇಲಿನ ಪ್ರಯೋಗಕ್ಕೆ ಕೋಳಿಯ ರಕ್ತ ಒದಗಿದ್ದು ಅದರಿಂದಲೇ. ಇನ್ನೊಂದು ಅಪವಾದ, ಪ್ರತಿಕಾಯ ತಯಾರಿಸುವ ಬಿಳಿ ರಕ್ತಕೋಶಗಳು. ಅವು ಪ್ರತಿಕಾಯದ ಜೀನನ್ನು ನಿಜವಾಗಿಯೇ ಕತ್ತರಿಸಿ ಹೊಸದಾಗಿ ಜೋಡಿಸುತ್ತವೆ. ಇದನ್ನು ಕಂಡುಕೊಂಡ ಸುಸುಮು ತೊನೆಗಾವ ಅವರಿಗೆ 1987ರ ನೊಬೆಲ್ ಬಂದಿತು.

ಪ್ರಶ್ನೆ: ನನ್ನ ಡಿಎನ್‌ಎ ಪರೀಕ್ಷೆಯ ವರದಿಯಲ್ಲಿ ಒಂದು ಅಕ್ಷರದ ವ್ಯತ್ಯಾಸ ಬಂದಿದೆ, ಆದರೆ ಅದು ‘ಜೀನ್ ಒಳಗಿಲ್ಲ’ ಎಂದು ಬರೆದಿದ್ದಾರೆ. ಜೀನ್ ಒಳಗಿಲ್ಲದ ಅಕ್ಷರಕ್ಕೆ ಬೆಲೆಯೇ ಇಲ್ಲವೆ?

ಉತ್ತರ: ನಿಮ್ಮ ವರದಿಯ ಬಗ್ಗೆ ಅಂಕಣದಲ್ಲಿ ಕೂತು ತೀರ್ಪು ಕೊಡುವುದು ಸರಿಯಲ್ಲ, ಅದನ್ನು ಆನುವಂಶಿಕ ಸಲಹೆ ಕೊಡುವ ವೈದ್ಯರಿಗೆ ತೋರಿಸಿ. ಅಂಥ ವ್ಯತ್ಯಾಸಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಬೆಲೆಯೇ ಇಲ್ಲವೆ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಕಥೆಯಿದೆ.

ವೈವಾಕ್ಸ್ ಮಲೇರಿಯಾದ ಪರೋಪಜೀವಿ ಕೆಂಪು ರಕ್ತಕಣದ ಒಳಹೊಗಲು ಅದರ ಮೇಲ್ಮೈಯಲ್ಲಿರುವ ಡಫಿ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ರಕ್ತಕಣಗಳ ಮೇಲೆ ಡಫಿ ಇಲ್ಲ; ಆ ಮಲೇರಿಯಾ ಅವರನ್ನು ಬಹುಮಟ್ಟಿಗೆ ಬಾಧಿಸುವುದಿಲ್ಲ. ಅವರ ಡಫಿ ಜೀನ್ ಕೆಟ್ಟಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. 1995ರಲ್ಲಿ ತಿಳಿದದ್ದು ಬೇರೆಯೇ. ಜೀನ್ ಸರಿಯಾಗಿದೆ. ಅದರ ಮುಂದಿನ ನಿಯಂತ್ರಕ ಭಾಗದಲ್ಲಿ ಜಿ-ಎ-ಟಿ-ಎ ಎಂಬ ವಿಳಾಸವಿದ್ದ ಕಡೆ ಒಂದು ಅಕ್ಷರ ಬದಲಾಗಿ ಜಿ-ಜಿ-ಟಿ-ಎ ಆಗಿದೆ. ರಕ್ತಕಣಗಳಾಗಲಿರುವ ಕೋಶಗಳಲ್ಲಿ ಆ ವಿಳಾಸದ ಮೇಲೆ ಕೂರುವುದು ಗಾಟಾ-1 ಎಂಬ ಪ್ರೋಟೀನ್. ಅದಕ್ಕೆ ಈಗ ಹಿಡಿತ ಸಿಗುವುದಿಲ್ಲ, ರಕ್ತಕಣದಲ್ಲಿ ಡಫಿ ತಯಾರಾಗುವುದಿಲ್ಲ. ಆದರೆ ಅದೇ ಜನರ ಸಣ್ಣ ರಕ್ತನಾಳಗಳ ಒಳಪದರದಲ್ಲಿ ಡಫಿ ಎಂದಿನಂತೆ ತಯಾರಾಗುತ್ತದೆ. ಆ ಕೋಶಗಳು ಗಾಟಾ-1ನ ಆ ವಿಳಾಸವನ್ನು ಅವಲಂಬಿಸಿಲ್ಲ.

ಇದನ್ನು ಮೊದಲ ಬಾರಿ ಓದಿದ ದಿನ ನಾನು ಜೊತೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಜೀನನ್ನೇ ಅಳಿಸಿದ್ದರೆ ಇಡೀ ದೇಹಕ್ಕೆ ಡಫಿ ಇಲ್ಲವಾಗುತ್ತಿತ್ತು. ಒಂದು ವಿಳಾಸ ಅಳಿಸಿದ್ದರಿಂದ ಒಂದೇ ಅಂಗಾಂಶ ಅದನ್ನು ಓದುವುದನ್ನು ಬಿಟ್ಟಿತು.

ದೂರದ ವಿಳಾಸಗಳ ಪರಿಣಾಮವೂ ಹೀಗೆಯೇ. ಬೆರಳುಗಳ ಸಂಖ್ಯೆಯನ್ನು ತೀರ್ಮಾನಿಸುವುದರಲ್ಲಿ ಪಾಲಿರುವ ಸೋನಿಕ್ ಹೆಜ್‌ಹಾಗ್ ಎಂಬ ಜೀನ್‌ಗೆ ಕೈಕಾಲು ಮೂಡುವಾಗ ಅಪ್ಪಣೆ ಬರುವ ತಾಣ ಸುಮಾರು ಹತ್ತು ಲಕ್ಷ ಅಕ್ಷರಗಳಾಚೆ, ಇನ್ನೊಂದು ಜೀನ್‌ನ ನಡುವೆ ಇದೆ. ಅಲ್ಲಿ ಒಂದು ಅಕ್ಷರ ಬದಲಾದ ಕೆಲವು ಕುಟುಂಬಗಳಲ್ಲಿ ಮಕ್ಕಳು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟುತ್ತಾರೆ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ಬೀಟಾ ಥಲಸ್ಸೀಮಿಯಾ ಇದೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತೇವೆ. ಜೀನ್ ಕತ್ತರಿಸಿ, ಹುಟ್ಟುವ ಮೊದಲಿನ ಹಿಮೋಗ್ಲೋಬಿನ್ ಮತ್ತೆ ಬರುವಂತೆ ಮಾಡುವ ಚಿಕಿತ್ಸೆ ಬಂದಿದೆ ಎಂದು ಓದಿದೆ. ಕತ್ತರಿಸಿದ ಆ ಜೀನ್ ಬೇರೆ ಅಂಗಗಳಿಗೆ ಬೇಡವೆ? ತಿಳಿಯುವಂತೆ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಹಲವು ಬಾರಿ ಓದಿದೆ. ನೀವು ಕೇಳಿದ್ದು ಈ ಚಿಕಿತ್ಸೆಯನ್ನು ರೂಪಿಸಿದವರು ಕೇಳಿಕೊಂಡ ಪ್ರಶ್ನೆಯೇ.

ಗರ್ಭದಲ್ಲಿರುವ ಮಗು ಗಾಮಾ ಗ್ಲೋಬಿನ್ ಎಂಬ ಬೇರೊಂದು ಜೀನ್‌ನಿಂದ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದು ನಿಂತು ಬೀಟಾ ಗ್ಲೋಬಿನ್ ಶುರುವಾಗುತ್ತದೆ. ನಿಮ್ಮ ಮಗಳಲ್ಲಿ ತೊಂದರೆ ಇರುವುದು ಬೀಟಾದಲ್ಲಿ. ಗಾಮಾ ಜೀನ್‌ಗಳು ಸಾಮಾನ್ಯವಾಗಿ ಸುಸ್ಥಿತಿಯಲ್ಲೇ ಇದ್ದು ಸುಮ್ಮನಿರುತ್ತವೆ. ಅವನ್ನು ಸುಮ್ಮನಿರಿಸುವ ಪ್ರೋಟೀನ್‌ಗಳಲ್ಲಿ ಮುಖ್ಯವಾದದ್ದು ಬಿಸಿಎಲ್11ಎ. ಅದು ಗಾಮಾ ಜೀನ್‌ಗಳ ಮುಂದೆ ಕೂತು ದಾರಿ ಕಟ್ಟುತ್ತದೆ.

ಹಾಗಾದರೆ ಬಿಸಿಎಲ್11ಎ ಜೀನನ್ನೇ ಕೆಡಿಸಬಹುದಲ್ಲ ಎಂದರೆ, ನಿಮ್ಮ ಆತಂಕ ನೆಟ್ಟಗೆ ಅಲ್ಲೇ ತಾಗುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಬೇಕು. ರಕ್ತದ ಮೂಲಕೋಶಗಳಿಗೂ ಅವುಗಳಿಂದ ಹುಟ್ಟುವ ಪ್ರತಿಕಾಯ ತಯಾರಿಸುವ ಕೋಶಗಳಿಗೂ ಬೇಕು. ಆದ್ದರಿಂದ ಸಂಶೋಧಕರು ಜೀನ್‌ನಲ್ಲಿ ಪ್ರೋಟೀನ್‌ಗೆ ಸೂಚನೆ ಇರುವ ಭಾಗವನ್ನು ಮುಟ್ಟಲಿಲ್ಲ. ಜೀನ್‌ನೊಳಗೇ, ಪ್ರೋಟೀನ್‌ಗೆ ಸೂಚನೆ ಇಲ್ಲದ ಭಾಗದಲ್ಲಿ, ಕೆಂಪು ರಕ್ತಕಣಗಳಾಗುವ ಕೋಶಗಳು ಮಾತ್ರ ಬಳಸುವ ಎನ್‌ಹ್ಯಾನ್ಸರ್ ಇದೆ ಎಂದು 2013ರಲ್ಲಿ ತಿಳಿಯಿತು. ಆ ಎನ್‌ಹ್ಯಾನ್ಸರ್‌ನಲ್ಲಿ ಒಂದು ಜಿ-ಎ-ಟಿ-ಎ ವಿಳಾಸವಿದೆ, ಹಿಂದಿನ ಉತ್ತರದಲ್ಲಿ ಬಂದ ಗಾಟಾ-1 ಕೂರುವ ಜಾಗ. ಚಿಕಿತ್ಸೆಯಲ್ಲಿ ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿ ಹಾಕುವುದು ಸರಿಯಾಗಿ ಅಲ್ಲಿಗೆ. ಗಾಟಾ-1ಗೆ ಹಿಡಿತ ತಪ್ಪಿದರೆ ರಕ್ತಕಣಗಳ ಸಾಲಿನಲ್ಲಿ ಬಿಸಿಎಲ್11ಎ ತಗ್ಗುತ್ತದೆ, ಗಾಮಾ ಗ್ಲೋಬಿನ್ ಮತ್ತೆ ತಯಾರಾಗುತ್ತದೆ. ರಕ್ತದ ಇತರ ಕೋಶಗಳು ಆ ಎನ್‌ಹ್ಯಾನ್ಸರನ್ನು ನೆಚ್ಚಿಕೊಂಡಿಲ್ಲ, ಹಾಗಾಗಿ ಅವುಗಳ ಬಿಸಿಎಲ್11ಎ ಉಳಿಯುತ್ತದೆ. ಮಿದುಳಿಗಂತೂ ಕತ್ತರಿ ತಲುಪುವುದೇ ಇಲ್ಲ: ರೋಗಿಯ ಮೂಲಕೋಶಗಳನ್ನು ಹೊರತೆಗೆದು, ದೇಹದ ಹೊರಗೆ ಕತ್ತರಿಸಿ, ಮರಳಿ ಕೊಡುತ್ತಾರೆ.

ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಅನುಮತಿ ಕೊಟ್ಟಿತು. ಅಮೆರಿಕ 2023ರ ಡಿಸೆಂಬರಿನಲ್ಲಿ ಸಿಕಲ್ ಸೆಲ್ ರೋಗಕ್ಕೂ 2024ರ ಜನವರಿಯಲ್ಲಿ ಥಲಸ್ಸೀಮಿಯಾಕ್ಕೂ ಒಪ್ಪಿತು. ಆಗ ಕೊಟ್ಟ ಅನುಮತಿ 12 ವರ್ಷ ಮತ್ತು ಮೇಲ್ಪಟ್ಟವರಿಗೆ. ಇದು ಹಗುರವಾದ ಚಿಕಿತ್ಸೆಯಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ತಿದ್ದಿದ ಕೋಶಗಳಿಗೆ ಜಾಗ ಮಾಡಲು ಬಲವಾದ ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ಖಾಲಿ ಮಾಡಬೇಕಾಗುತ್ತದೆ. ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು, ಸೋಂಕಿನ ಅಪಾಯವಿದೆ, ಮುಂದೆ ಮಕ್ಕಳಾಗುವ ಸಾಮರ್ಥ್ಯಕ್ಕೆ ಧಕ್ಕೆಯಾಗಬಹುದು. ಮಗಳನ್ನು ನೋಡುವ ರಕ್ತರೋಗ ತಜ್ಞರ ಹತ್ತಿರ ಈ ಎರಡನ್ನೂ ಕೇಳಿ: ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿ ಸಾಧ್ಯವೇ, ಮತ್ತು ಪದೇ ಪದೇ ರಕ್ತ ಕೊಡಿಸುವುದರಿಂದ ಆಕೆಯ ದೇಹದಲ್ಲಿ ಕಬ್ಬಿಣ ಶೇಖರವಾಗದಂತೆ ಈಗ ಮಾಡುತ್ತಿರುವುದು ಸಾಕೇ. ಮುಂದೆ ಯಾವ ಚಿಕಿತ್ಸೆಗೆ ಹೋದರೂ ಹೃದಯ ಮತ್ತು ಯಕೃತ್ತು ಚೆನ್ನಾಗಿರುವುದು ಬಹಳ ಮುಖ್ಯ.

ಪ್ರಶ್ನೆ: ಪ್ರೋಟೀನ್‌ಗಳೇ ಜೀನ್‌ಗಳನ್ನು ಓದಿಸುವುದಾದರೆ ಆ ಪ್ರೋಟೀನ್‌ಗಳ ಜೀನ್‌ಗಳನ್ನು ಓದಿಸಿದವರು ಯಾರು? ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಾಯಿತಲ್ಲ! ಚರ್ಮದ ಕೋಶಕ್ಕೆ ಬೇರೆ ಪ್ರೋಟೀನ್ ಕೊಟ್ಟರೆ ಅದು ಬೇರೆ ಅಂಗವಾಗುತ್ತದೆಯೇ?

ಉತ್ತರ: ಮೊದಲ ಓದಿಗೆ ಬೇಕಾದದ್ದನ್ನು ತಾಯಿ ಕೊಟ್ಟಿರುತ್ತಾಳೆ. ಹಣ್ಣಿನ ನೊಣದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ತಾಯಿ ನೊಣ ಮೊಟ್ಟೆಯ ಒಂದು ತುದಿಯಲ್ಲಿ ಬೈಕಾಯ್ಡ್ ಎಂಬ ಪ್ರೋಟೀನ್‌ನ ಆರ್‌ಎನ್‌ಎಯನ್ನು ಇಟ್ಟಿರುತ್ತದೆ. ಅದರಿಂದ ತಯಾರಾದ ಪ್ರೋಟೀನ್ ಆ ತುದಿಯಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಹೆಚ್ಚಿರುವ ಕಡೆ ಕೆಲವು ಜೀನ್‌ಗಳು ಓದಿಗೆ ಬರುತ್ತವೆ, ಅಲ್ಲಿ ತಲೆ ಮೂಡುತ್ತದೆ. ಬೈಕಾಯ್ಡ್ ಇಡಲಾರದ ತಾಯಿಯ ಮರಿಗಳಿಗೆ ತಲೆಯೂ ಎದೆಯೂ ಇರುವುದಿಲ್ಲ. ನಂತರ ಪ್ರೋಟೀನ್‌ಗಳು ಒಂದರ ಜೀನನ್ನು ಇನ್ನೊಂದು ಓದಿಸುತ್ತ ತಮ್ಮ ಕೂಟವನ್ನು ತಾವೇ ಉಳಿಸಿಕೊಳ್ಳುತ್ತವೆ. ಕೋಶ ಒಡೆದು ಎರಡಾದಾಗ ಎರಡಕ್ಕೂ ಅವು ಪಾಲಾಗುತ್ತವೆ. ಯಕೃತ್ತಿನ ಕೋಶದ ಮಗಳು ಯಕೃತ್ತಿನ ಕೋಶವೇ ಆಗುವುದು ಹಾಗೆ.

ಎರಡನೆಯದಕ್ಕೆ ಉತ್ತರ: ಹೌದು, ಒಂದು ಮಟ್ಟಿಗೆ. 1987ರಲ್ಲಿ ವೈನ್‌ಟ್ರಾಬ್ ಅವರ ಪ್ರಯೋಗಾಲಯ, ಕೋಳಿಯ ರಕ್ತದಲ್ಲಿ ತೆರೆದ ಪುಟ ತೋರಿಸಿದ ಅದೇ ವೈನ್‌ಟ್ರಾಬ್, ಮಯೋ-ಡಿ ಎಂಬ ಒಂದೇ ಜೀನನ್ನು ಇಲಿಯ ಸಂಯೋಜಕ ಅಂಗಾಂಶದ ಕೋಶಗಳಿಗೆ ಸೇರಿಸಿ ಅವನ್ನು ಸ್ನಾಯುಕೋಶಗಳಾಗಿಸಿತು. 2006ರಲ್ಲಿ ಶಿನ್ಯಾ ಯಮನಾಕ 24 ಜೀನ್‌ಗಳ ಪಟ್ಟಿಯಿಂದ ಹೊರಟು, ಒಂದೊಂದನ್ನೇ ಬಿಟ್ಟು ನೋಡುತ್ತ, ನಾಲ್ಕಕ್ಕೆ ಬಂದು ನಿಂತರು. ಆ ನಾಲ್ಕನ್ನು ಕೊಟ್ಟರೆ ಇಲಿಯ ಚರ್ಮದಿಂದ ಪಡೆದ ಕೋಶ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶದಂತೆ ಹಿಂದಕ್ಕೆ ಮರಳಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ನೊಬೆಲ್ ಹಂಚಿಕೊಂಡರು.

ಆದರೆ ‘ಯಜಮಾನ ಜೀನ್’ ಎಂದು ಪತ್ರಿಕೆಗಳಲ್ಲಿ ಬರುವ ಮಾತನ್ನು ದಯವಿಟ್ಟು ನಂಬಬೇಡಿ. 1995ರಲ್ಲಿ ವಾಲ್ಟರ್ ಗೆಹ್ರಿಂಗ್ ಅವರ ತಂಡ ಐಲೆಸ್ ಎಂಬ ಒಂದು ಜೀನನ್ನು ಬೇಡದ ಕಡೆ ಓದಿಸಿ ನೊಣದ ಕಾಲು ಮತ್ತು ರೆಕ್ಕೆಗಳ ಮೇಲೆ ಕಣ್ಣು ಮೂಡಿಸಿತು. ಇಲಿಯ ಅದೇ ಬಗೆಯ ಜೀನ್ ಕೊಟ್ಟರೂ ನೊಣದ ಕಣ್ಣೇ ಮೂಡಿತು. ಆ ಚಿತ್ರಗಳನ್ನು ನೋಡಿದರೆ ಯಜಮಾನ ಎನ್ನಲೇಬೇಕು ಎನಿಸುತ್ತದೆ. ಆದರೂ ಕಣ್ಣು ಮೂಡಿದ್ದು ಕೆಲವು ಜಾಗಗಳಲ್ಲಿ ಮಾತ್ರ. ಜೊತೆಗಾರರು ಇಲ್ಲದ ಕಡೆ ಆ ಪ್ರೋಟೀನ್ ಬಂದರೂ ಕೋರಂ ಸಾಲಲಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇದನ್ನೆಲ್ಲ ಮಕ್ಕಳಿಗೆ ಹೇಳಬಹುದು, ತೋರಿಸುವುದು ಹೇಗೆ? ನಮ್ಮಲ್ಲಿರುವುದು ಸಾಧಾರಣ ಸೂಕ್ಷ್ಮದರ್ಶಕ.

ಉತ್ತರ: ಸಾಧಾರಣ ಸೂಕ್ಷ್ಮದರ್ಶಕ ಸಾಕು, ಹಣ್ಣಿನ ನೊಣದ ಮರಿಹುಳು ಬೇಕು. ಕೊಳೆಯುತ್ತಿರುವ ಹಣ್ಣನ್ನು ಬಾಟಲಿಯಲ್ಲಿಟ್ಟು ನೊಣಗಳನ್ನು ಸೇರಿಸಿಕೊಂಡರೆ ವಾರದೊಳಗೆ ಕೊಬ್ಬಿದ ಮರಿಹುಳುಗಳು ಗಾಜಿನ ಗೋಡೆ ಹತ್ತುತ್ತವೆ. ಅಂಥದ್ದನ್ನು ಲವಣದ್ರಾವಣದ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಮೈಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಮೆಲ್ಲಗೆ ಎಳೆದರೆ ಪಾರದರ್ಶಕವಾದ ಒಂದು ಜೊತೆ ಲಾಲಾಗ್ರಂಥಿಗಳು ಹೊರಬರುತ್ತವೆ. ಅಸಿಟೋ-ಆರ್ಸೀನ್ ಬಣ್ಣದಲ್ಲಿ ಹತ್ತು ನಿಮಿಷ ನೆನೆಸಿ, ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿದರೆ ಕೆಡುತ್ತದೆ.

ಈ ಗ್ರಂಥಿಯ ಕೋಶಗಳಲ್ಲಿ ಡಿಎನ್‌ಎಯ ಸುಮಾರು ಸಾವಿರ ಪ್ರತಿಗಳು ಬೇರೆಯಾಗದೆ ಪಕ್ಕಪಕ್ಕ ಅಂಟಿಕೊಂಡಿರುತ್ತವೆ. ಹಾಗಾಗಿ ವರ್ಣತಂತುಗಳು ಅಡ್ಡಪಟ್ಟಿಗಳಿರುವ ದಪ್ಪ ರಿಬ್ಬನ್‌ಗಳಂತೆ ಕಾಣುತ್ತವೆ. ಅಲ್ಲಲ್ಲಿ ಪಟ್ಟಿ ಹರಡಿಕೊಂಡು ಉಬ್ಬಿರುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಅದೇ ಪಫ್, ಅಲ್ಲಿ ಜೀನ್ ಓದು ನಡೆಯುತ್ತಿದೆ. ವೋಲ್ಫ್‌ಗಾಂಗ್ ಬೇರ್ಮನ್ 1952ರಲ್ಲಿ ಕಿರೊನೊಮಸ್ ಎಂಬ ಸಣ್ಣ ಕೀಟದ ಬೇರೆ ಬೇರೆ ಅಂಗಾಂಶಗಳ ಇಂಥ ವರ್ಣತಂತುಗಳನ್ನು ಹೋಲಿಸಿದರು. ಪಟ್ಟಿಗಳ ಕ್ರಮ ಎಲ್ಲ ಕಡೆಯೂ ಒಂದೇ ಆಗಿತ್ತು, ಉಬ್ಬಿದ ಜಾಗಗಳು ಅಂಗಾಂಶದಿಂದ ಅಂಗಾಂಶಕ್ಕೆ ಬೇರೆಯಾಗಿದ್ದವು. ಮೊದಲ ಪತ್ರ ಬರೆದ ವಿದ್ಯಾರ್ಥಿನಿಗೂ ಇದನ್ನು ನೋಡಲು ಹೇಳುತ್ತೇನೆ.

ಸಾಧ್ಯವಾದರೆ ಕೆಲವು ಮರಿಹುಳುಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಗ್ರಂಥಿ ತೆಗೆಯಿರಿ. ಬಿಸಿಯ ಪೆಟ್ಟಿಗೆ ಹೊಸ ಪಫ್‌ಗಳು ಏಳುತ್ತವೆ, ಮೊದಲಿದ್ದ ಕೆಲವು ಇಳಿಯುತ್ತವೆ. 1962ರಲ್ಲಿ ಫೆರುಚ್ಚಿಯೊ ರಿಟೊಸ್ಸಾ ಇದನ್ನು ವರದಿ ಮಾಡಿದರು. ಬಿಸಿಗೆ ಎಚ್ಚರಗೊಂಡು ಆ ಜೀನ್‌ಗಳ ಮುಂದೆ ಗುಂಪಾಗಿ ಕೂರುವ ಪ್ರೋಟೀನ್ ಬಹುಪಾಲು ಎಲ್ಲ ಕೋಶಗಳಲ್ಲೂ ಕಾದು ನಿಂತಿರುತ್ತದೆ. ಹಾಗಾಗಿ ಈ ಪಫ್‌ಗಳು ಒಂದೇ ಅಂಗಾಂಶಕ್ಕೆ ಸೇರಿದವಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ತಣ್ಣನೆಯ ಹುಳುವಿನದೊಂದು, ಬಿಸಿ ಮಾಡಿದ್ದರದೊಂದು, ಎರಡು ಚಿತ್ರ ಬಿಡಿಸಲು ಹೇಳಿ. ಚೆನ್ನಾಗಿ ಬಂದವನ್ನು ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.